ಹಿಮದ ಗುಡ್ಡೆಯ ನೀಲಿ ಪದರ

ನೆಲಕ್ಕೆ ಹಿಮವನ್ನು ಹೊದಿಸುವವನೂ, ಋತು ಬಂದಾಗ ಆ ಹೊದಿಕೆಯನ್ನು ತಾನೇ ಸರಿಸುವವನೂ, ಮುಚ್ಚಿದ್ದೆಲ್ಲವನ್ನು ಮುಚ್ಚಿರುವಾಗಲೇ ಬಲ್ಲವನೂ ಆದ ಪರಾತ್ಪರನಿಗೆ ತಲೆವಾಗಿ, ಸುಪೀರಿಯರ್ ಮಹಾಸರೋವರದ ಬಡಗಣ ದಡದ ಕಿವಿನಿಯೆಮಿ ಎಂಬ ಊರಿನಲ್ಲಿ ನಡೆದ ವೃತ್ತಾಂತವೊಂದನ್ನು ಹೇಳುತ್ತೇನೆ. ಮನಸ್ಸಿಟ್ಟು ಕೇಳಬೇಕು.

ಏಪ್ರಿಲ್ ತಿಂಗಳ ಒಂದು ಮಂಗಳವಾರ. ಸರೋವರದಿಂದ ಎದ್ದ ಮಂಜು ಊರನ್ನು ಹಾಲಿನಲ್ಲಿ ಅದ್ದಿಟ್ಟಂತೆ ಮಾಡಿತ್ತು. ವೆರ್ನರ್, ಆಯ್ಲಿಯಕ್ಕನ ಅಡುಗೆಮನೆಯಲ್ಲಿ ಕಾಫಿಯ ಮುಂದೆ ಕುಳಿತಿದ್ದ. ಪಾರ್ಕಿಂಗ್ ಅಂಗಳಗಳ ಡಾಂಬರಿನ ಮೇಲೆ ಗೆರೆ ಎಳೆಯುವುದು ಅವನ ಕಸುಬು. ನೆಲ ಹೆಪ್ಪುಗಟ್ಟಿದ ತಿಂಗಳುಗಳಲ್ಲಿ ಕಸುಬೂ ಮಲಗುತ್ತಿದ್ದುದರಿಂದ, ಆಗೆಲ್ಲ ಆತ ಆಯ್ಲಿಯ ಉಪಕರಣಗಳನ್ನು ಹೊತ್ತು ಅವಳ ಹಿಂದೆ ತಿರುಗುತ್ತಿದ್ದ. ಆಯ್ಲಿ ನಲವತ್ತು ವರ್ಷ ಡಾಂಬರನ್ನು ಕೊರೆದು, ಕೊಳವೆಯೊಳಗೆ ಬಂದ ಪದರಗಳನ್ನು ಓದಿ, ಯಾವ ನೆಲದಡಿ ಯಾರು ಜಲ್ಲಿ ಕಡಿಮೆ ಹಾಕಿದ್ದಾರೆಂದು ಹೇಳುತ್ತಿದ್ದವಳು. ನಿವೃತ್ತಳಾದ ಮೇಲೆ ಊರಿನವರು ತಮ್ಮ ತೊಡಕುಗಳನ್ನೆಲ್ಲ ಅವಳ ಬಾಗಿಲಿಗೇ ತರುತ್ತಿದ್ದರು.

ಅಂದು ಬಂದವನು ರೈನೊ. ಊರಿನ ಅಂಗಡಿಸಾಲಿನ ಅಂಗಳಕ್ಕೆ ಬೇಸಿಗೆಯಲ್ಲಿ ಡಾಂಬರು ಹಾಕಿ, ಚಳಿಗಾಲದಲ್ಲಿ ಹಿಮ ತಳ್ಳುವವನು.

"ಅಕ್ಕಾ, ಶುಕ್ರವಾರ ನನ್ನ ಪರವಾನಗಿ ಹೋಗುತ್ತೆ," ಎಂದ ಅವನು, ಬಾಗಿಲಲ್ಲೇ ನಿಂತು.

"ಕೂತ್ಕೊಂಡು ಹೇಳು. ನಿಂತು ಹೇಳಿದ್ರೆ ತಪ್ಪು ಮಾಡ್ದೋನ ಥರ ಕಾಣ್ತೀಯ."

"ಊರೆಲ್ಲ ಹಂಗೇ ಅಂತಿದೆಯಲ್ಲ."

ಸಂಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಇಂಪಿಯ ಬೇಕರಿಗೆ ಬೆಂಕಿ ಬಿದ್ದಿತ್ತು. ಪಕ್ಕದ ಗೋಡೆಯ ಅನಿಲದ ಕೊಳವೆ ಬಾಗಿ ಸೋರಿತ್ತು. ಗಾಡಿಗಳು ತಾಗದಂತೆ ಅದರ ಮುಂದೆ ನೆಟ್ಟಿದ್ದ ಕೆಂಪು ಕಾವಲುಗಂಬ ಬುಡಮುರಿದು ಕಾಣೆಯಾಗಿತ್ತು. ಹಿಂದಿನ ದಿನ, ಬುಧವಾರ, ಅಲ್ಲಿ ಹಿಮ ತಳ್ಳಿದವನು ರೈನೊ. ಗುದ್ದಿ, ಹೇಳದೆ ಹೋದನೆಂದು ಜನ ತೀರ್ಮಾನಿಸಿದ್ದರು. ಶುಕ್ರವಾರದ ಊರಸಭೆ ಅವನ ಕೈಯಿಂದ ಈ ಕೆಲಸವನ್ನು ಶಾಶ್ವತವಾಗಿ ಕಸಿಯುವುದರಲ್ಲಿತ್ತು.

"ಬುಧವಾರ ಕಂಬ ನೋಡಿದ್ಯಾ?" ಎಂದು ಕೇಳಿದಳು ಆಯ್ಲಿ.

"ಗೋಡೆ ಪಕ್ಕ ಸೊಂಟದುದ್ದ ಹಿಮ ಇತ್ತು. ಅಲ್ಲಿಗೆ ನಾನು ಹೋಗ್ಲೇ ಇಲ್ಲ."

"ಉಪ್ಪು ಹಾಕಿದ್ಯಾ?"

"ಸೊನ್ನೆಗಿಂತ ಇಪ್ಪತ್ತೈದು ಕೆಳಗಿತ್ತು. ಆ ಚಳೀಲಿ ಉಪ್ಪು ಹಾಕಿದ್ರೆ ಹಿಮ ಕರಗಲ್ಲ, ನಗುತ್ತೆ ಅಕ್ಕಾ. ಜಾರದ ಹಂಗೆ ಕಂದು ಕಲ್ಲುಪುಡಿ ಎರಚಿದೆ."

"ಸೋಮವಾರಾನೂ ಹಿಮ ಬಿದ್ದಿತ್ತು."

"ಹೂಂ. ಹತ್ತು ಗಂಟೆಗೆ ಬಂದೆ. ಬೇಕರಿ ಮುಂದೆ ಯಾರೋ ತೆಗೆದುಬಿಟ್ಟಿದ್ರು. ಉಳಿದದ್ದು ನಾನು ತೆಗೆದೆ."

"ಯಾರು ಅಂತ ಕೇಳ್ಲಿಲ್ವಾ?"

ರೈನೊ ಅವಳನ್ನು ವಿಚಿತ್ರವಾಗಿ ನೋಡಿದ. "ಅದನ್ನ ಯಾರಾದ್ರೂ ಕೇಳ್ತಾರಾ?"

ನಿಜ, ಆ ಊರಿನಲ್ಲಿ ಕೇಳುವುದಿಲ್ಲ. ನೆರೆಯವನ ಅಂಗಳದ ಹಿಮವನ್ನು ತೆಗೆದವನು ಹೇಳಿಕೊಳ್ಳಬಾರದು, ತೆಗೆಸಿಕೊಂಡವನು ವಿಚಾರಿಸಬಾರದು. ಇದು ಅಜ್ಜಂದಿರ ಕಾಲದ ಮರ್ಯಾದೆ.

ಆಯ್ಲಿ ವೆರ್ನರನೊಡನೆ ಚರ್ಚಿನ ನೆಲಮಾಳಿಗೆಗೆ ಹೋದಳು. ಬೇಕರಿ ಸುಟ್ಟ ಮೇಲೆ ಇಂಪಿ ಅಲ್ಲಿಯ ಒಲೆಯಲ್ಲೇ ಏಲಕ್ಕಿಯ ಜಡೆಬ್ರೆಡ್ಡು ಬೇಯಿಸುತ್ತಿದ್ದಳು. ಎಡಗೈಯ ಸುಟ್ಟ ಚರ್ಮ ಇನ್ನೂ ಬಿಗಿದಿತ್ತು.

"ಸೋಮವಾರ ಬೆಳಿಗ್ಗೆ ನನ್ನ ಬಾಗಿಲು ಕನ್ನಡಿ ಹಂಗಿತ್ತು," ಎಂದಳು ಇಂಪಿ. "ರೈನೊ ಬೇಗ ಬಂದ ಅಂದ್ಕೊಂಡೆ. ಪಕ್ಕದ ಆರ್ವಿಡನ ಅಂಗಡಿ ಮುಂದೆ ಮೊಣಕಾಲುದ್ದ ಹಾಗೇ ಬಿದ್ದಿತ್ತು. ಕಾಫಿಗೆ ಅದನ್ನೇ ತುಳ್ಕೊಂಡು ಬಂದ, ಪಾಪ."

"ಈಗಲೂ ಕಾಫಿಗೆ ಬರ್ತಾನಾ?"

"ಬೆಂಕಿ ಆದ್ಮೇಲೆ ಮುಖಾನೇ ತೋರ್ಸಿಲ್ಲ. ಹೊಗೆ ವಾಸನೆ ಆಗಲ್ವೇನೋ ದೊರೆಗೆ."

ಅಂಗಳದ ಬಡಗು ಮೂಲೆಯಲ್ಲಿ ಚಳಿಗಾಲದ ಹಿಮವೆಲ್ಲ ಒಂದೇ ಗುಡ್ಡೆಯಾಗಿ ನಿಂತಿತ್ತು. ಮನೆಯೆತ್ತರದ ಆ ರಾಶಿ ಮಂಜಿನೊಳಗೆ ಮಲಗಿದ ಮುದಿ ಪ್ರಾಣಿಯಂತೆ ಉಸಿರಾಡುತ್ತ, ಬುಡದಿಂದ ಸಣ್ಣ ಸದ್ದಿನಲ್ಲಿ ನೀರು ಬಿಡುತ್ತಿತ್ತು. ವೆರ್ನರನಿಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂಬ ಸಂದೇಹ ಬಂತು. ಆರ್ವಿಡನ ಪಿಕಪ್ ಗಾಡಿ ಹಾದುಹೋಯಿತು. ಹಿಮ ತಳ್ಳುವ ಹಲಗೆಯಿಲ್ಲದೆ ಅದರ ಮೂತಿ ಬೋಳಾಗಿತ್ತು.

"ಮೇ ತಿಂಗಳವರೆಗೂ ಯಾರೂ ಹಲಗೆ ಬಿಚ್ಚಲ್ಲ," ಎಂದ ವೆರ್ನರ್. "ಇವನಿಗೇನು ಅವಸರ?"

ಆಯ್ಲಿ ಕೊರೆಯುವ ಕೊಳವೆಯನ್ನು ಗುಡ್ಡೆಯ ಪಕ್ಕಕ್ಕೆ ಒತ್ತಿ ತಿರುಗಿಸಿದಳು. ಮೊಳದುದ್ದ ಹೋದ ಮೇಲೆ ಅದು ಕಬ್ಬಿಣಕ್ಕೆ ತಾಗಿ ಠಣ್ಣೆಂದಿತು. ಹೊರಬಂದ ಹಿಮದ ಉದ್ದ ತುಂಡನ್ನು ಅವಳು ಮರದ ಹಲಗೆಯ ಮೇಲೆ ಮಲಗಿಸಿದಳು. ಹೊರತುದಿಯಲ್ಲಿ ಕಂದು ಪುಡಿಯ ಪದರ. ಅದರ ಒಳಗೆ ಆಕಾಶದ ಚೂರಿನಂಥ ನೀಲಿ. ನೀಲಿಯ ನಡುವೆ ಹಳದಿ ಸಿಪ್ಪೆಗಳು ಸಣ್ಣಗೆ ಹೊಳೆಯುತ್ತಿದ್ದವು.

ವೆರ್ನರ್ ಒಂದನ್ನು ಅಂಗೈಗೆ ತೆಗೆದುಕೊಂಡ. "ಇದು ನನ್ನ ಬಣ್ಣ. ಗಾಜಿನ ಹರಳು ಬೆರೆಸಿ ಸೆಪ್ಟೆಂಬರಲ್ಲಿ ಎಳೆದ ಗೆರೆ."

"ಹಾಗಾದ್ರೆ ನಿನ್ನ ಗೆರೆ ಎಲ್ಲೆಲ್ಲಿ ಹೋಗಿದೆ, ಎಷ್ಟಗಲ ಹೋಗಿದೆ, ಅಳೆದುಕೊಂಡು ಬಾ. ನಾನು ಅಗೀತೀನಿ."

ಗುರುವಾರ ಮಧ್ಯಾಹ್ನ ಆಯ್ಲಿಯ ಮಾತಿನಂತೆ ನಾಲ್ವರು ಗುಡ್ಡೆಯ ಮುಂದೆ ಸೇರಿದರು: ರೈನೊ, ಇಂಪಿ, ಸಾಮಾನಿನ ಅಂಗಡಿಯ ಆರ್ವಿಡ್, ಅಂಗಡಿಸಾಲಿನ ಒಡೆಯ ಲಿಂಡಾಲ್. ಅಗೆದ ಪೊಟರೆಯಲ್ಲಿ ಕೆಂಪು ಕಾವಲುಗಂಬ ಅಡ್ಡ ಮಲಗಿತ್ತು.

"ಸಿಕ್ಕಿತಲ್ಲ," ಎಂದ ಲಿಂಡಾಲ್. "ರೈನೊ ತಳ್ಳಿದ ಗುಡ್ಡೇಲೇ ಸಿಕ್ಕಿದೆ. ಇನ್ನೇನು ಬೇಕು?"

"ಓದೋಕೆ ಬರಬೇಕು," ಎಂದಳು ಆಯ್ಲಿ. "ಬೆಂಕಿ ಆದ್ಮೇಲೆ ಬಿದ್ದ ಹಿಮ ಕರಗಿಹೋಗಿದೆ. ಹೊರಗಿನ ಕಂದು ಪದರ ಬುಧವಾರದ್ದು, ರೈನೊ ಎರಚಿದ ಪುಡಿ. ಕಂಬ ಇರೋದು ಅದರ ಒಳಗೆ, ನೀಲಿ ಪದರದಲ್ಲಿ. ಬುಧವಾರದ ಹಿಮ ಬರೋ ಹೊತ್ತಿಗೆ ಕಂಬ ಆಗಲೇ ಇಲ್ಲಿ ಮಲಗಿತ್ತು. ನೀಲಿ ಅಂದ್ರೆ ಬಣ್ಣ ಹಾಕಿದ ಉಪ್ಪು. ಉಪ್ಪು ಹಿಡಿಯೋಷ್ಟು ಬೆಚ್ಚಗಿದ್ದದ್ದು ಸೋಮವಾರ."

"ಸೋಮವಾರಾನೂ ರೈನೊ ಬಂದಿದ್ನಲ್ಲ?"

"ಬಂದಿದ್ದ. ಆದ್ರೆ ಅವನ ಹಲಗೆಗೆ ರಬ್ಬರ್ ಅಂಚು. ಗೆರೆ ಹಾಳಾಗಬಾರದು ಅಂತ ವೆರ್ನರೇ ಗೋಗರೆದು ಹಾಕಿಸಿದ್ದು. ಈ ಹಳದಿ ಸಿಪ್ಪೆ ಎಬ್ಬಿಸಿದ್ದು ಉಕ್ಕಿನ ಅಂಚು."

ಲಿಂಡಾಲನ ಮುಖ ಕೆಂಪಾಯಿತು. "ನನ್ನ ಹಿಮ ಎತ್ತೋ ಲೋಡರಿಗೂ ಉಕ್ಕಿನ ಅಂಚೇ. ನನ್ನ ಮೇಲೆ ಹೇಳ್ತಿದೀರಾ?"

"ಇಲ್ಲ. ವೆರ್ನರ್, ಹೇಳಯ್ಯ."

ಗೆರೆಗಳು ಹಾಳಾದದ್ದು ಬೇಕರಿಯ ಮುಂದೆ ಮಾತ್ರವೆಂದೂ, ಕೆರೆದ ಪಟ್ಟಿ ಏಳೂವರೆ ಅಡಿ ಅಗಲವೆಂದೂ ವೆರ್ನರ್ ಹೇಳಿದ. ಲೋಡರಿನ ಹಲಗೆ ಹನ್ನೆರಡು ಅಡಿ. ಏಳೂವರೆ ಎಂದರೆ ಪಿಕಪ್ಪಿನ ಹಲಗೆ.

"ತನ್ನ ಬಾಗಿಲಲ್ಲಿ ಮೊಣಕಾಲುದ್ದ ಹಿಮ ಬಿಟ್ಟು, ಇನ್ನೊಬ್ಬರ ಬಾಗಿಲು ತೆಗೆದೋನು ಕೆಡುಕನಲ್ಲ," ಎಂದಳು ಆಯ್ಲಿ, ಯಾರನ್ನೂ ನೋಡದೆ. "ಇಂಪಿ ಬೆಳಿಗ್ಗೆ ಸುಲಭವಾಗಿ ಬಾಗಿಲು ತೆರೀಲಿ ಅಂತ ಬಂದಿದ್ದ. ಹಿಮದಡಿ ಇದ್ದ ಕಂಬ ಕಾಣ್ಲಿಲ್ಲ. ಗ್ಯಾಸಿನ ಕೊಳವೆ ಅಂದು ಬರೀ ಬಾಗಿತ್ತು. ಬುಧವಾರದ ಚಳಿಗೆ ಬಿರುಕು ಬಿಟ್ಟು ಗುರುವಾರ ಸೋರಿತು. ಆಮೇಲೆ ಅವನಿಗೆ ಅರ್ಥ ಆಯ್ತು. ನಡುಚಳೀಲೇ ಹಲಗೆ ಬಿಚ್ಚಿದ. ಕಾಫಿಗೆ ಬರೋದೂ ನಿಲ್ಲಿಸಿದ."

ಆರ್ವಿಡ್ ಕೈಗವಸುಗಳನ್ನು ಕಳಚಿದ.

"ಏನೋ ತಾಗ್ತು ಅನಿಸ್ತು," ಎಂದ. "ಮಂಜುಗಡ್ಡೆ ಅಂದ್ಕೊಂಡೆ. ಇಂಪಿ, ಒಳ್ಳೇದು ಮಾಡಿದ್ರೆ ಹೇಳ್ಕೋಬಾರದು ಅಂತ ಅಪ್ಪ ಕಲಿಸಿದ್ರು. ಕೆಟ್ಟದಾದ್ರೆ ಹೆಂಗೆ ಹೇಳ್ಬೇಕು ಅಂತ ಯಾರೂ ಕಲಿಸ್ಲಿಲ್ಲ."

ಇಂಪಿ ತನ್ನ ಎಡಗೈಯನ್ನು ನೋಡಿಕೊಂಡಳು. "ನನಗೆ ಆಮೇಲೆ ಹೇಳು. ಮೊದಲು ಅವನಿಗೆ. ಎರಡು ತಿಂಗಳಿಂದ ನಿನ್ನ ಹೊರೆ ಹೊತ್ಕೊಂಡು ತಿರುಗ್ತಿದಾನೆ."

ಆರ್ವಿಡ್ ರೈನೊನ ಎದುರಿಗೆ ಬಂದು ನಿಂತ. "ತಪ್ಪಾಯ್ತು ರೈನೊ. ನಾಳೆ ಸಭೇಲಿ ಎಲ್ಲರ ಮುಂದೆ ನಾನೇ ಹೇಳ್ತೀನಿ."

ರೈನೊ ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡ. ಬೈದಾನೆಂದು ವೆರ್ನರ್ ಕಾದ. ಬೈದಿದ್ದರೆ ನ್ಯಾಯವೇ ಆಗಿತ್ತು.

"ಆ ಸಭೆ ಕೋಣೆ ಕೆಟ್ಟದ್ದು ಕಣೋ," ಎಂದ ರೈನೊ. "ಒಂದು ಬೆಂಚು ಪೂರ್ತಿ ಖಾಲಿ ಬಿಟ್ಟು ನಮ್ಮೊಬ್ಬರನ್ನೇ ಕೂರಿಸ್ತಾರೆ. ಎರಡು ಸಲ ಕೂತಿದೀನಿ. ನೀನು ಒಬ್ಬನೇ ಹೋಗ್ಬೇಡ, ನಾನೂ ಪಕ್ಕದಲ್ಲಿ ಕೂತ್ಕೋತೀನಿ."

ಮರುದಿನ ಆ ಬೆಂಚಿನಲ್ಲಿ ಇಬ್ಬರು ಕುಳಿತಿದ್ದರೆಂದೂ, ರೈನೊನ ಪರವಾನಗಿ ಉಳಿಯಿತೆಂದೂ ಊರು ಬಲ್ಲದು.

ಈ ಕಥೆಯನ್ನು ಕೇಳಿದವರ ಮೇಲೆ ಬಂದ ಸುಳ್ಳು ಅಪವಾದಗಳು ಬಿಸಿಲಿಗೆ ಹಿಮದಂತೆ ಕರಗಲಿ; ಅವರು ಅರಿಯದೆ ಮಾಡಿದ ತಪ್ಪನ್ನು ಅರಿತು ನುಡಿವ ಧೈರ್ಯವನ್ನು ದೇವರು ಅವರ ನಾಲಗೆಗೆ ಕೊಡಲಿ; ನುಡಿದಾಗ ಪಕ್ಕದಲ್ಲಿ ಕೂರುವವರನ್ನೂ ಕೊಡಲಿ. ಸರ್ವರಿಗೂ ಮಂಗಳವಾಗಲಿ.