ಮೂರನೇ ಹಾಡು ಮುಗಿದ ಮೇಲೆ

ಆ ಕ್ಯಾಸೆಟ್ ಇವತ್ತಿಗೂ ಮೊಳಕಾಲ್ಮೂರಿನ ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲೇ ಐತೆ. ತೊಂಬತ್ತೊಂಬತ್ತರಲ್ಲಿ ಚಳ್ಳಕೆರೆಯಿಂದ ತಂದದ್ದು. ಮುಂಬೈ ಹುಡುಗರ ಪಾಪ್ ರಾಕ್ ಬ್ಯಾಂಡಿನ ಎರಡನೇ ಆಲ್ಬಂ. ಸೀಲು ನಾನೇ ಒಡೆದೆ. ಮೂರನೇ ಹಾಡು ಮುಗಿದ ಮೇಲೆ ಎಂಥದೋ ಬಡಿತ ಬಂತು: ನಾಲ್ಕು ಏಟು, ಒಂದು ಕೆಮ್ಮು, ಮತ್ತೆ ನಾಲ್ಕು ಏಟು. ಡ್ರಮ್ಮಿನವನಿಗೆ ನೆಗಡಿ ಅಂದುಕೊಂಡೆ.

ಪಕ್ಕದ ನೇಕಾರರ ಮನೆ ಸ್ವಪ್ನ ಬಾಗಿಲಲ್ಲೇ ನಿಂತಳು. “ಅನ್ವರಣ್ಣ, ನಮ್ಮವ್ವ ಕೆಮ್ಕೊಂಡು ನೇಯೋದನ್ನ ಯಾವಾಗ ರೆಕಾರ್ಡ್ ಮಾಡಿದ್ರಿ?”

ನಾನು ಮಾಡಿರಲಿಲ್ಲ. ಅವಳವ್ವ ತಿಪ್ಪಕ್ಕನನ್ನೇ ಕರೆಸಿ ಕೇಳಿಸಿದೆ. ಕೊನೆಗೆ ಮಗ್ಗದ ಲಾಳಿ ನೂಲೆಳೆದುಕೊಂಡು ಓಡಿದ ಸದ್ದು ಬಂತು, ಆ ಎಳೆಯನ್ನ ಕೂರಿಸೋ ಬಡಿತ ಅದರ ಹಿಂದೆ ಬರಲಿಲ್ಲ.

“ಲಾಳಿ ಎಸೆದ ಮೇಲೆ ಬಡೀದೆ ನಾನು ಯಾವತ್ತೂ ಎದ್ದಿಲ್ಲ ಕಣಪ್ಪ,” ಅಂದಳು. “ಇಲ್ಲಿ ಯಾಕೆ ನಿಲ್ಸಿದೀನಿ?”

ಅದಾದ ಹದಿನೆಂಟನೇ ದಿನ ಮಧ್ಯಾಹ್ನ ತಿಪ್ಪಕ್ಕ ಮಗ್ಗದ ಮೇಲೇ ಒರಗಿ ಪ್ರಾಣ ಬಿಟ್ಟಳು. ಲಾಳಿ ಸೀರೆಯ ಆಚೆ ಅಂಚಿಗೆ ಹೋಗಿತ್ತು, ಆ ಎಳೆಗೆ ಬಡಿತ ಬಿದ್ದಿರಲಿಲ್ಲ.

ಈಗ ಆ ಮಗ್ಗಕ್ಕೆ ಸ್ವಪ್ನ ಕೂರ್ತಾಳೆ, ಕೈತುಂಬ ಗಾಜಿನ ಬಳೆ. ತಿಪ್ಪಕ್ಕ ಹೋದಾಗಿಂದ ಐದು ವರ್ಷ ಮುಟ್ಟದೆ ಇಟ್ಟಿದ್ದ ಕ್ಯಾಸೆಟ್ಟನ್ನ ಮೊನ್ನೆ ಹಾಕಿದೆ. ಮೂರನೇ ಹಾಡು ಮುಗಿದ ಮೇಲೆ ಏನೂ ಇಲ್ಲ. ನಾಲ್ಕನೆಯದು ಮುಗಿದ ಮೇಲೆ ಮಗ್ಗ ಶುರುವಾಯ್ತು. ಕೆಮ್ಮಿಲ್ಲ, ಬಳೆಗಳ ಸದ್ದು ಐತೆ. ಅದು ಎಲ್ಲಿ ನಿಲ್ತೈತೋ ಕೇಳೋ ಮೊದಲೇ ಆಫ್ ಮಾಡಿದೆ.