ಅಜ್ಜಿ ಕಾಯುವ ಬಾಗಿಲು

ಒಂದು ಗಂಭೀರ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಒಬ್ಬ ವೈದ್ಯೆಯ ವಿದ್ಯೆಯನ್ನೇ ಅಲ್ಲಾಡಿಸಿದ, ಒಂದು ಲಿಫ್ಟಿನ ಮಾನ ಕಳೆದ, ಬಹುಕಾಲ ಮುಚ್ಚಿದ್ದ ಮನೆಯೊಂದರ ಬೀಗ ತೆಗೆಸಿದ ಸಂಗತಿ ಅದು: ನಾಯಿಯ ಬಾಯಿ ನಾರುತ್ತಿತ್ತು.

"ಯಾವಾಗಿನಿಂದ?" ಪಶುವೈದ್ಯೆ ಕೇಳಿದಳು.

"ತಂದಾಗಿನಿಂದ," ಎಂದ ಲಿಫ್ಟ್ ಮೆಕ್ಯಾನಿಕ್, ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸುತ್ತ. "ಮೊದಮೊದಲು ಮನೇಲಿರೋ ನಮ್ಮ ಸೋದರತ್ತೆ ಬಾಯಿ ಅಂದ್ಕೊಂಡಿದ್ದೆ."

ಅವಳು ನಗಲಿಲ್ಲ. ನಗು ಬರುವ ಹೊತ್ತಿಗೆ ಕೆಳತುಟಿಯನ್ನು ಒಳಗೆಳೆದುಕೊಂಡಳು, ಅಷ್ಟೆ. ಅವನು ಅದನ್ನು ನೋಡಿಬಿಟ್ಟ. ನೋಡಲೆಂದೇ ಬರುತ್ತಿದ್ದವನು ಅವನು. ನಾಯಿಯನ್ನು ಸಾಕಲು ತೆಗೆದುಕೊಂಡ ಮೇಲೆ ಉಗುರು ಕತ್ತರಿಸಲು ಬಂದಿದ್ದ, ಕಿವಿ ತೋರಿಸಲು ಬಂದಿದ್ದ, ಮೈಮೇಲೆ ಇಲ್ಲದ ಉಣ್ಣಿ ಹುಡುಕಿಸಲೂ ಬಂದಿದ್ದ. ಈ ಸಲ ಮಾತ್ರ ನಿಜವಾದ ಕಾಯಿಲೆಯನ್ನೇ ತಂದಿದ್ದ.

"ಅಜ್ಜಿ, ಬಾಯಿ ತೆಗಿ," ಎಂದಳು ಅವಳು ನಾಯಿಗೆ. ಆಮೇಲೆ ಅವನತ್ತ ತಿರುಗಿ, "ಎಂಟು ವರ್ಷದ ನಾಯೀನ ಅಜ್ಜಿ ಅಂತ ಕರೀತಾರೇನ್ರೀ?" ಎಂದಳು.

"ಎಂಟು ಅಂದಿದ್ದು ನೀವು. ಅವಳ ಮುಖ ಬೇರೇನೋ ಹೇಳ್ತಿತ್ತು."

ಹೇಳಿದ್ದು ಅವಳೇ, ನಿಜ. ವಾರಕ್ಕೊಮ್ಮೆ ದಿಕ್ಕಿಲ್ಲದ ನಾಯಿಗಳ ಆಶ್ರಯಕ್ಕೆ ಹೋಗಿ, ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ ಜೀವಗಳ ತುಟಿ ಎತ್ತಿ ವಯಸ್ಸು ಅಂದಾಜು ಮಾಡುವುದು ಅವಳ ಕೆಲಸ. ಬೀದಿ ನಾಯಿಯ ಹಲ್ಲು ಕಲ್ಲು, ಮೂಳೆ ಕಡಿದು ಸವೆದಿರುತ್ತದೆ. ಈ ನಾಯಿಯ ಮುಂದಿನ ಹಲ್ಲುಗಳು ಬೆಳ್ಳಗೆ ಚೂಪಾಗಿದ್ದವು. ಮೂತಿ ಪೂರ್ತಿ ನರೆತಿತ್ತು, ಕಣ್ಣಲ್ಲಿ ತೆಳುನೀಲಿ ಮಂಜು ಕವಿದಿತ್ತು. ಆದರೂ ಅವಳು ಹಲ್ಲನ್ನೇ ನಂಬಿದ್ದಳು.

"ಹಾಗಾದ್ರೆ ನನ್ನ ವಯಸ್ಸು ಹೇಳಿ ನೋಡೋಣ, ಡಾಕ್ಟ್ರೇ."

"ಬಾಯಿ ತೆಗೀರಿ." ಅವನು ನಿಜಕ್ಕೂ ತೆಗೆದ. "ನಲವತ್ತರ ಹತ್ತಿರ. ನಿದ್ದೇಲಿ ಹಲ್ಲು ಕಡೀತೀರಿ. ಒಂಟಿ."

"ಒಂಟಿ ಅನ್ನೋದೂ ಹಲ್ಲಲ್ಲಿ ಗೊತ್ತಾಗುತ್ತಾ?"

"ಅದು ಅಂಗಿಯಲ್ಲಿ. ಮೇಲಿನ ಗುಂಡಿ ಕರಿ ದಾರ, ಕೆಳಗಿನದು ಹಸಿರು."

ಅವನು ಗುಂಡಿಗಳನ್ನು ಕೈಯಿಂದ ಮುಚ್ಚಿಕೊಂಡ. ಆಮೇಲೆ ದನಿ ತಗ್ಗಿಸಿದ. "ಇನ್ನೊಂದು ವಿಷಯ. ನಗಬಾರ್ದು."

ಮನೆಯ ಬಾಗಿಲು ತೆರೆಯಲಿ ಎಂದು ಕಾಯುವಾಗ ಅಜ್ಜಿ ಚಿಲಕದ ಕಡೆ ನಿಲ್ಲುವುದಿಲ್ಲವಂತೆ. ಬಾಗಿಲು ಎಂದೂ ತೆರೆಯದ ಕೀಲಿನ ಕಡೆ ಮೂಗು ಒತ್ತಿ ನಿಲ್ಲುತ್ತಾಳಂತೆ. ಮಧ್ಯಾಹ್ನ ಅವರಿರುವ ಕಟ್ಟಡವೆಲ್ಲ ಊಟ ಮಾಡಿ ತೂಕಡಿಸುವ ಹೊತ್ತಿಗೆ ಲಿಫ್ಟಿನತ್ತ ಎಳೆಯುತ್ತಾಳಂತೆ. ಒಳಗೆ ಹೋಗಿ ಯಾವ ಗುಂಡಿ ಒತ್ತಿದರೂ ಅದು ನಾಲ್ಕನೇ ಮಹಡಿಗೇ ಹೋಗುತ್ತದಂತೆ. ಅಲ್ಲಿ ಅವನು ಆ ಕಟ್ಟಡಕ್ಕೆ ಬರುವ ಮುಂಚಿನಿಂದಲೂ ಬೀಗ ಬಿದ್ದಿರುವ ಮನೆಯೊಂದಿದೆ. ಅಜ್ಜಿ ಅದರ ಮುಂದೆ ಕೂತು, ತಲೆ ಎತ್ತಿ, ಮನುಷ್ಯರ ಮುಖ ಇರುವಷ್ಟು ಎತ್ತರಕ್ಕೆ ನೋಡುತ್ತ ಬಾಲ ಅಲ್ಲಾಡಿಸುತ್ತಾಳೆ.

ಅವಳು ನಗಲಿಲ್ಲ. ಈ ಸಲ ನಗು ಬರಲೂ ಇಲ್ಲ.

"ಕೀಲಿನ ಕಡೆ ನಿಲ್ಲೋದು ಮುದಿ ನಾಯಿಗಳ ಮರೆವಿನ ಲಕ್ಷಣ," ಎಂದಳು ಮೆಲ್ಲಗೆ. "ಎಂಟಕ್ಕೆ ಬರೋದಲ್ಲ." ಟಾರ್ಚ್ ಹಿಡಿದು ಮತ್ತೆ ಬಾಯೊಳಗೆ ಇಣುಕಿದಳು. ದವಡೆಯ ಹಲ್ಲೊಂದರ ಬೇರು ಕೀವು ಕಟ್ಟಿತ್ತು. ಅದರ ಪಕ್ಕದಲ್ಲಿ, ಬಹಳ ಹಿಂದೆ ಯಾರೋ ಹಲ್ಲು ಕೀಳಿಸಿ ಹೊಲಿಸಿದ ಗಾಯ ನೀಟಾಗಿ ಮಾಗಿತ್ತು.

"ಇವಳ ಹಲ್ಲನ್ನ ಯಾರೋ ದಿನಾ ಉಜ್ಜಿದ್ದಾರೆ. ಅದಕ್ಕೇ ಬೆಳ್ಳಗಿದೆ. ನಾನು ನೋಡಿದ್ದು ವಯಸ್ಸಲ್ಲ, ಯಾರದೋ ಆರೈಕೆ. ಎಂಟು ಅಂದದ್ದು ತಪ್ಪು."

ಅವನ ಮುಖದ ತಮಾಷೆಯೆಲ್ಲ ಇಳಿದುಹೋಯಿತು. "ಅತ್ತೆ ಒಪ್ಪಿದ್ದೇ ಎಂಟು ಅಂತ. ಮಾವ ಹೋದ್ಮೇಲೆ ಅವರು ಇಟ್ಟ ಷರತ್ತು ಒಂದೇ, ಬೇಗ ಸಾಯೋ ಪ್ರಾಣಿ ಮನೆಗೆ ಬೇಡ ಅಂತ. ಗೊತ್ತಾದ್ರೆ ವಾಪಸ್ ಬಿಟ್ಟು ಬಾ ಅಂತಾರೆ."

"ಹಲ್ಲು ಕೀಳ್ಲೇಬೇಕು. ಬಿಟ್ರೆ ಕೀವು ರಕ್ತಕ್ಕೆ ಸೇರುತ್ತೆ. ಆದ್ರೆ ಮತ್ತು ಕೊಡೋ ಮುಂಚೆ ಹೃದಯ, ಕಿಡ್ನಿ ನೋಡ್ಬೇಕು. ವಯಸ್ಸಾದವಳು ಅಂತ ಗೊತ್ತಿದ್ರೆ ಮತ್ತಿನ ಲೆಕ್ಕವೇ ಬೇರೆ." ಕೈಗವಸು ಕಳಚಿದಳು. "ಆ ಬಾಗಿಲನ್ನ ನಾನೂ ನೋಡ್ತೀನಿ. ತಪ್ಪು ನನ್ನದು, ಅತ್ತೆಗೂ ನಾನೇ ಹೇಳ್ತೀನಿ."

ಮರುದಿನ ಮಧ್ಯಾಹ್ನ ಅವಳು ಅವರ ಕಟ್ಟಡದ ಲಿಫ್ಟಿನ ಮುಂದೆ ನಿಂತಿದ್ದಳು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಮೊಸಾಯಿಕ್ ನೆಲ ತಣ್ಣಗಿತ್ತು.

"ಯಾರೂ ಕರೀದೇ ಇದ್ದಾಗ ಲಿಫ್ಟು ಒಂದು ಮಹಡೀಲಿ ಹೋಗಿ ನಿಲ್ಲುತ್ತೆ. ಮೊದಲು ಕೂರಿಸಿದೋರು ಇದಕ್ಕೆ ನಾಲ್ಕನೇದು ಅಂತ ಇಟ್ಟಿದ್ರು. ನಾನು ಕೆಳಗೇ ನಿಲ್ಲೋ ಹಾಗೆ ಬದಲಾಯಿಸಿದೀನಿ," ಎಂದ ಅವನು. ಅಷ್ಟರಲ್ಲಿ ಮೇಲಿನಿಂದ ಹಗ್ಗದ ಸದ್ದು ಕೇಳಿತು. ಅವನು ಕತ್ತು ವಾಲಿಸಿ ಆಲಿಸಿದ. "ಖಾಲಿ ಲಿಫ್ಟಿನ ದನಿ ನಂಗೆ ಗೊತ್ತು, ಡಾಕ್ಟ್ರೇ. ಇದು ಖಾಲಿ ಲಿಫ್ಟಿನ ದನಿಯಲ್ಲ."

ಬಾಗಿಲು ಸರಿಯಿತು. ಒಳಗೆ ಯಾರೂ ಇರಲಿಲ್ಲ. ಅಜ್ಜಿ ಒಳಹೊಕ್ಕು, ಕನ್ನಡಿಯ ಬಳಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತಳು. ಅವರಿಬ್ಬರೂ ಆ ಜಾಗವನ್ನು ಬಿಟ್ಟೇ ನಿಂತರು. ಹಾಗಾಗಿ ಮೊಣಕೈಗೆ ಮೊಣಕೈ ತಾಕುತ್ತಿತ್ತು. ಅವಳು ಒಂದು ಎಂದಿದ್ದ ಗುಂಡಿಯನ್ನು ತಾನೇ ಒತ್ತಿದಳು. ಲಿಫ್ಟು ನಾಲ್ಕಕ್ಕೆ ಹೋಯಿತು.

ಬೀಗ ಬಿದ್ದ ಬಾಗಿಲ ಮುಂದೆ ಅಜ್ಜಿ ಕೂತದ್ದನ್ನು ನೋಡಿ ವೈದ್ಯೆಯ ಹುಬ್ಬು ಗಂಟಾಯಿತು. ನಾಯಿ ಕೂತಿದ್ದು ಚಿಲಕದ ಕಡೆಗೇ, ಸರಿಯಾಗಿ ಬಾಗಿಲು ತೆರೆಯುವ ಕಡೆಗೇ. ಆಮೇಲೆ ಹೊಳೆಯಿತು. ಕಟ್ಟಡದ ಬಾಗಿಲುಗಳೆಲ್ಲ ಒಂದು ಕಡೆ ತೆರೆದರೆ, ಇದೊಂದನ್ನು ತಿರುಗಿಸಿ ಕೂರಿಸಿದ್ದರು, ಉಳಿದವಕ್ಕೆ ಕೀಲಿರುವ ಎಡಕ್ಕೆ ಇದರ ಚಿಲಕವಿತ್ತು.

"ಇವಳಿಗೆ ಮರೆವಲ್ಲ ರೀ," ಎಂದಳು. ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ನೆನಪು. ನಿಮ್ಮನೇಲಿ ಅವಳು ಕಾಯೋದು ಈ ಬಾಗಿಲನ್ನ. ಇವಳು ಇದೇ ಮನೇಲಿದ್ದೋಳು."

ಅವನು ಬೀಗದತ್ತ ನೋಡಿದ. "ಕೆಳಗಿನ ಟೈಲರ್ ಹೇಳಿದ್ರು, ಇಲ್ಲಿ ಒಬ್ರು ಮೇಡಂ ಇದ್ರಂತೆ. ಮೆಟ್ಟಿಲು ಹತ್ತೋಕಾಗ್ತಿರ್ಲಿಲ್ಲ ಅಂತ ಅವರಿಗೋಸ್ಕರವೇ ಲಿಫ್ಟ್ ಹಾಕಿಸಿದ್ರಂತೆ. ಜೊತೆಗೊಂದು ನಾಯಿ, ಲಿಫ್ಟ್ ಕಂಡ್ರೆ ಮೊದಲು ಹೆದರ್ತಿತ್ತಂತೆ. ಮೇಡಂ ತೀರ್ಕೊಂಡ ಮೇಲೆ ನಾಯೀನ ಯಾರೋ ಕರ್ಕೊಂಡು ಹೋದ್ರು, ಆಮೇಲೆ ಅದು ಎಲ್ಲಿ ಹೋಯ್ತೋ..." ಅವನು ತಡೆದ. "ಲಿಫ್ಟಿಗೆ ಹನ್ನೆರಡು ವರ್ಷ. ಒಳಗಿನ ತಗಡಿನಲ್ಲೇ ಇಸವಿ ಬರೆದಿದೆ."

"ಹಾಗಾದ್ರೆ, ಲಿಫ್ಟ್ ಬರೋ ಮುಂಚೇನೇ ಇದ್ದ ಇವಳಿಗೆ ಕಡಿಮೆ ಅಂದ್ರೂ ಹದಿಮೂರು."

"ಆಶ್ರಯದಲ್ಲಿ ಇವಳು ಯಾರಿಗೂ ಏಳದೋಳು, ನನ್ನ ಹಿಂದೆ ಎದ್ದು ಬಂದ್ಲು. ನನ್ನನ್ನೇ ಆರಿಸ್ಕೊಂಡ್ಲು ಅಂತ ಬೀಗ್ತಿದ್ದೆ."

"ನಿಮ್ಮನ್ನಲ್ಲ. ಈ ಲಿಫ್ಟಿನ ಗ್ರೀಸ್ ಮೆತ್ತಿದ ನಿಮ್ಮ ಪ್ಯಾಂಟನ್ನ."

ಅವನು ನಗಲು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಎದ್ದು ನಿಂತಳು. ಮುಚ್ಚಿದ ಬಾಗಿಲಾಚೆಯಿಂದ ಯಾರೋ ಬರುತ್ತಿರುವಂತೆ ಅವಳ ನೋಟ ನಿಧಾನವಾಗಿ ಹತ್ತಿರ ಹತ್ತಿರಕ್ಕೆ ಸರಿಯಿತು. ಕಿವಿಗಳು ಹಿಂದಕ್ಕೆ ಮಡಚಿದವು. ಗಾಳಿಯ ಸುಳಿವೂ ಇಲ್ಲದ ಆ ಓಣಿಯಲ್ಲಿ ನಾಯಿಯ ನೆತ್ತಿಯ ಕೂದಲು ಹಣೆಯಿಂದ ಕುತ್ತಿಗೆಯವರೆಗೆ ಮೆಲ್ಲಗೆ ಒತ್ತಿಕೊಂಡಿತು. ಮತ್ತೆ ಎದ್ದಿತು. ಮತ್ತೊಮ್ಮೆ ಒತ್ತಿಕೊಂಡಿತು. ಅಜ್ಜಿ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು.



"ಕೈ ಬಿಡಿ," ಎಂದಳು ವೈದ್ಯೆ ಪಿಸುದನಿಯಲ್ಲಿ.

"ಹಿಡ್ಕೊಂಡಿರೋದು ನೀವು."

ಅವಳು ನೋಡಿದಳು. ಹೌದು. ಬಿಡಲಿಲ್ಲ.

"ಉಣ್ಣಿ ಇರ್ಲಿಲ್ಲ, ಡಾಕ್ಟ್ರೇ," ಎಂದ ಅವನು ಬಾಗಿಲನ್ನೇ ನೋಡುತ್ತ. "ಉಗುರೂ ಬೆಳೆದಿರ್ಲಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ಹೆದರ್ಕೊಂಡಾಗ ಹೇಳ್ಬಾರ್ದು ಅಂತ ಗೊತ್ತು. ಆದ್ರೆ ಇಲ್ಲಿ ಸುಳ್ಳು ಹೇಳೋಕೆ ಆಗ್ತಿಲ್ಲ."

"ಗೊತ್ತಿತ್ತು. ಇಲ್ಲದ ಉಣ್ಣೀನ ಅಷ್ಟು ಹೊತ್ತು ಹುಡುಕಿದ್ದು ಮತ್ತೆ ಯಾಕೆ?"

ಕೆಳಗೆ ಮನೆಯಲ್ಲಿ ಅತ್ತೆ ಎಲ್ಲವನ್ನೂ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. ಬೀಗ ಬಿದ್ದ ಮನೆ ಅವರಿಗೆ ಅಷ್ಟೇನೂ ವಿಶೇಷ ಎನಿಸಲಿಲ್ಲ. "ಹದಿಮೂರಾ?" ಎಂದಷ್ಟೇ ಕೇಳಿದರು.

"ಹೌದಮ್ಮ. ತಪ್ಪು ನನ್ನದು. ಬೇಡ ಅಂದ್ರೆ ನಾನೇ ಕರ್ಕೊಂಡು ಹೋಗ್ತೀನಿ."

ಅಜ್ಜಿ ಬಂದು ಅತ್ತೆಯ ಪಾದದ ಮೇಲೆ ಗದ್ದ ಇಟ್ಟಳು. ಅತ್ತೆ ಮೂಗು ಮುಚ್ಚಿಕೊಂಡರು, ಕಾಲು ಸರಿಸಲಿಲ್ಲ.

"ನಂಗೆ ಎಪ್ಪತ್ತೆರಡು ಡಾಕ್ಟರಮ್ಮ. ಹಲ್ಲೂ ಕಟ್ಟಿಸಿದ್ದು. ಇವನು ನನ್ನ ಎಲ್ಲಿ ವಾಪಸ್ ಬಿಡ್ತಾನೆ?" ಸೋದರಳಿಯನ ಕಡೆ ತಿರುಗಿದರು. "ಮೊದ್ಲು ಅವಳ ಹಲ್ಲು ಕೀಳ್ಸು. ಆಮೇಲೆ, ಅವರ ಕೈ ಬಿಟ್ಟು ಒಂದು ಲೋಟ ನೀರು ಕೊಡೋ, ಬೆವರ್ತಿದ್ದಾರೆ."

ರಕ್ತ ಪರೀಕ್ಷೆಯಲ್ಲಿ ಕಿಡ್ನಿ ತುಸು ಸೋತಿರುವುದು ಕಂಡಿತು. ಅವಳು ಹದಿಮೂರಕ್ಕೆ ತಕ್ಕ ಮತ್ತಿನ ಮದ್ದು ಕೊಟ್ಟು, ಸಲೈನ್ ಏರಿಸಿ ಹಲ್ಲು ಕಿತ್ತಳು. ಅವನು ಹೊರಗೆ ಕೂತು ತನ್ನ ಹಲ್ಲು ಕಡಿಯುತ್ತಿದ್ದ. ನಡುವೆ ಒಮ್ಮೆ ನಾಯಿಯ ಎದೆಬಡಿತ ತೀರ ಕುಸಿಯಿತು. ಅವಳು ಮದ್ದಿಗೆ ಕೈ ಚಾಚುವ ಮುಂಚೆಯೇ ನೆತ್ತಿಯ ಕೂದಲು ಹಣೆಯಿಂದ ಕುತ್ತಿಗೆಯವರೆಗೆ ಒತ್ತಿಕೊಂಡಿತು, ಬಡಿತ ಮರಳಿತು. ಅದನ್ನು ಅವಳು ಅವನಿಗೆ ಬಿಟ್ಟು ಬೇರಾರಿಗೂ ಹೇಳಲಿಲ್ಲ.

ಮದುವೆಯಾದ ಮೇಲೆ ಅವರು ನಾಲ್ಕನೇ ಮಹಡಿಯ ಮನೆಯನ್ನು ಬಾಡಿಗೆಗೆ ಹಿಡಿದರು. ಬಾಗಿಲನ್ನು ತಿರುಗಿಸಿ ಕೂರಿಸಲಿಲ್ಲ. ಲಿಫ್ಟು ಈಗಲೂ ಮಧ್ಯಾಹ್ನ ತಾನಾಗಿ ಮೇಲೆ ಬರುತ್ತದೆ. ಅವನು ರಿಪೇರಿ ಮಾಡುವುದನ್ನು ಬಿಟ್ಟಿದ್ದಾನೆ.

ನಾಯಿಯ ಬಾಯಿ ನಾರುವುದಿಲ್ಲ.