ಕೆಳಗಿನ ಹೊಲದ ಬೊಡ್ಡೆಗಳು

“ಜೆಲಿಂಡೊನೇ ಹೋದ ಮೇಲೆ ಇಲ್ಲಿ ನಿನಗೇನು ಕೆಲಸ ಅಮಾಬಿಲೆ? ಮಕ್ಕಳೂ ಇಲ್ಲ. ತವರಿಗೆ ಹೊರಡು!”

ತಮ್ಮ ಜೆಲಿಂಡೊನ ಆತ್ಮಶಾಂತಿಯ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವನೇ ಫಿಯೊರವಾಂಟೆ ಊಟದ ಮೇಜಿಗೆ ಕೈಯೂರಿ ಹೀಗೆಂದುಬಿಟ್ಟ. ದಕ್ಷಿಣ ಬ್ರೆಜಿಲ್‌ನ ಆ ಬೆಟ್ಟಗಳ ಇಟಾಲಿಯನ್ ಮನೆಗಳಲ್ಲಿ ಹೊಲ ಕಿರಿಯ ಮಗನಿಗೆ. ತಾಯಿಯನ್ನು ಸಾಕುವವನೂ ಅವನೇ. ಆ ಕಿರಿಯನೇ ಮಣ್ಣಾದ ಮೇಲೆ ಅವನ ಹೆಂಡತಿಯ ಗತಿ?

“ಅತ್ತೆ... ನೀವೂ ಹಾಗೇ ಅಂತೀರಾ?”

ಮುದುಕಿ ಪಾಸ್ಕ್ವಾಳದು ಮೊದಲೇ ಹರಿತವಾದ ನಾಲಿಗೆ. ಸೊಸೆಯನ್ನು ಒಂದು ದಿನವೂ ನೆಟ್ಟಗೆ ಮಾತಾಡಿಸಿದವಳಲ್ಲ. ಇವತ್ತು ಅವಳು ಮಗನತ್ತ ತಿರುಗಿದಳು.

“ಲೋ, ಕೆಳಗಿನ ಹೊಲದ ತುಂಬ ಮೊದಲು ಏನಿತ್ತೋ?”

“ಪೈನ್ ಮರದ ಬೊಡ್ಡೆ. ಅದಕ್ಕೇನೀಗ?”

“ಅದನ್ನ ಕೀಳೋಕೆ ಹೆದರಿ ತಾನೇ ನೀನು ಹೆಂಡ್ತಿ ಮನೆ ಸೇರಿದ್ದು, ಸೋಮಾರಿ!”

ಹೌದು, ಬೊಡ್ಡೆ ಕಿತ್ತವರು ಜೆಲಿಂಡೊ, ಅಮಾಬಿಲೆ. ಅಗೆದರು, ಬೇರು ಕಡಿದರು, ಎತ್ತು ಹೂಡಿ ಎಳೆದರು. ಜಗ್ಗದವಕ್ಕೆ ಬೆಂಕಿಯಿಟ್ಟರು. ಮೇಲೆ ಬೂದಿಯಾದರೂ ಬೆಂಕಿ ಬೇರು ಹಿಡಿದು ನೆಲದೊಳಗೇ ಹರಿಯುತ್ತದೆ. ಕೋಲಿನಿಂದ ಚುಚ್ಚಿ ನೋಡದೆ ಕಾಲಿಡಬಾರದು. ಒಂದು ದಿನ “ಬೇಡ ಅತ್ತೆ” ಎಂದು ಸೊಸೆ ಬಡಿದುಕೊಂಡರೂ ಪಾಸ್ಕ್ವಾ ಮೆಕ್ಕೆಜೋಳ ಬಿತ್ತಲು ಇಳಿದೇಬಿಟ್ಟಳು. ನೆಲ ಕುಸಿಯಿತು... ಅಯ್ಯೋ ದೇವರೇ! ಮೊಣಕಾಲವರೆಗೂ ಕೆಂಡ! ಅಮಾಬಿಲೆ ಬರಿಗೈಯಲ್ಲೇ ಕೆಂಡ ತೋಡಿ ಅವಳನ್ನು ಎಳೆದು ಹಾಕಿದಳು. ಆಮೇಲೆ ವರ್ಷವಿಡೀ ಆ ಸುಟ್ಟ ಕೈಗಳೇ ಅತ್ತೆಯ ಕಾಲಿಗೆ ಮುಲಾಮು ಹಚ್ಚಿದವು. ಬೈಸಿಕೊಂಡೇ ಹಚ್ಚಿದವು, ಪಾಪ!

“ನಾನು ನಡೀತಿರೋದು ಇವಳಿಂದ ಕಣೋ. ಒಂದು ಒಳ್ಳೇ ಮಾತು ಆಡಲಿಲ್ಲ ಈ ಹಾಳು ಬಾಯಿ...” ಮುದುಕಿ ಬಿಕ್ಕಿದಳು. “ಅಮ್ಮನ್ನ ಸಾಕೋರಿಗೆ ತಾನೇ ಹೊಲ? ಹೇಳು, ನನ್ನ ಸಾಕಿದ್ದು ಯಾರು?”

“ಅದು... ಪದ್ಧತಿ ಅಂತ ಒಂದಿದೆಯಲ್ಲಮ್ಮ.”

“ಪದ್ಧತೀನೇ ಹೇಳ್ತಿರೋದು! ಹೊಲ ನನ್ನ ಹೆಸರಲ್ಲಿದೆ. ನಾಳೆಯಿಂದ ಇವಳದು.”

“ನನಗೆ ಹೊಲ ಬೇಡ ಅತ್ತೆ, ನೀವು ಹೋಗು ಅನ್ನದಿದ್ದರೆ ಸಾಕು,” ಎಂದು ಅಮಾಬಿಲೆ ಅತ್ತಳು.

“ಹೋಗ್ತೀನಿ ಅಂದ್ರೆ ಕಾಲು ಮುರೀತೀನಿ! ನೀನಿಲ್ಲದೆ ನಾನು ಯಾರನ್ನೇ ಬೈಯಲಿ?”

ಅಳುತ್ತಿದ್ದವಳು ನಕ್ಕೇಬಿಟ್ಟಳು. ಪಾಸ್ಕ್ವಾ ಹಲಗೆಯ ಮೇಲೆ ಹಬೆಯಾಡುತ್ತಿದ್ದ ಪೊಲೆಂಟಾವನ್ನು, ಜೋಳದ ಹಿಟ್ಟಿನ ಗಟ್ಟಿ ಮುದ್ದೆಯನ್ನು, ದಾರದಿಂದ ಕೊಯ್ದಳು. ಮೊದಲ ತುಂಡು ಯಾವಾಗಲೂ ಮನೆಯ ಯಜಮಾನನಿಗೆ. ಇವತ್ತು ಅವಳು ಅದನ್ನು ಸೊಸೆಯ ತಟ್ಟೆಗಿಟ್ಟು, ಸುಟ್ಟು ಸುಕ್ಕಾದ ಸೊಸೆಯ ಅಂಗೈಯನ್ನು ಕಣ್ಣಿಗೊತ್ತಿಕೊಂಡಳು. ಎರಡನೆಯದನ್ನು ಮಗನತ್ತ ತಳ್ಳಿದಳು.

“ತಿನ್ನು. ಇವಳ ಹೊಲದ ಜೋಳ.”

ಫಿಯೊರವಾಂಟೆ ತಲೆ ತಗ್ಗಿಸಿಕೊಂಡು ತಿಂದ.